ಕೊಟ್ಟಿಗೆಗೆ ಹೋದರೆ ಮಾಣಿಯ ಉಬ್ಬಸ ಕಡಿಮೆಯಾಗ್ತದಾ?

ಯಾಣದ ದಾರಿ, ಕಾರವಾರ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ನಮ್ಮನೆ ಮಾಣಿಗೆ (ಮಗನಿಗೆ) ಆರು ವರ್ಷ. ಮೂಲ ಊರು ಶಿರಸಿ ಕಡೆ, ಕೆಲಸದ ಸಲುವಾಗಿ ಏಳು ವರ್ಷದಿಂದ ಕಾರವಾರದಲ್ಲಿ ಫ್ಲ್ಯಾಟ್ ಮಾಡಿಕೊಂಡಿದ್ದೇವೆ. ಮಳೆ ಹಿಡಿಯಿತು ಅಂದ್ರೆ ಅವನಿಗೆ ರಾತ್ರಿಯಿಡೀ ಕೆಮ್ಮು, ಬೆಳಗಿನ ಜಾವ ಎದೆ ಸುಂಯ್ ಸುಂಯ್ ಅಂತದೆ. ಈ ಮಳೆಗಾಲ ಒಂದರಲ್ಲೇ ಮೂರು ಸಲ ಆ್ಯಂಟಿಬಯೋಟಿಕ್ ಆಯಿತು. ಮೂರನೇ ಸಲ ಹೊಟ್ಟೆಯೂ ಕೆಟ್ಟು ನಾಲ್ಕು ದಿನ ಭೇದಿ. ಈಗ ಬೇರೆ ಡಾಕ್ಟರಿಗೆ ತೋರಿಸಿದೆವು. ಅವರು ಇದು ಅಸ್ತಮಾ ಅಂತ ಹೇಳಿ ಇನ್ಹೇಲರ್ ಬರೆದುಕೊಟ್ಟಿದ್ದಾರೆ. ಮನೆಯವರಿಗೆಲ್ಲ ಅದೇ ದೊಡ್ಡ ತಲೆಬಿಸಿ.

ಆಯಿ ಹೇಳೋದು ಒಂದೇ ಮಾತು: "ಕೊಟ್ಟಿಗೆ ಗಾಳಿ ತಾಗದೇ ಬೆಳೆದ ಮಾಣಿ ಅದು. ನೀನು ಸಗಣಿ ಬಾಚ್ತಾ ಬೆಳೆದವಳು, ನಿಂಗೆ ಎಂತಾರೂ ಆಗಿತ್ತಾ?" ನಂಗೂ ಹೌದೇನೋ ಅನ್ನಿಸಿತ್ತು. ಯಾಕಂದ್ರೆ ಮೇ ತಿಂಗಳು ಪೂರ್ತಿ ಊರಲ್ಲಿದ್ದ, ಒಂದು ದಿನವೂ ಕೆಮ್ಮಲಿಲ್ಲ. ಕರುವಿನ ಜೊತೆಗೇ ಆಟ, ಮೈತುಂಬ ಮಣ್ಣು. ಆದರೆ ಈ ಚೌತಿಗೆ ನಾಲ್ಕು ದಿನ ಅಂತ ಹೋದೆವು. ಎರಡನೇ ರಾತ್ರಿಯೇ ಉಬ್ಬಸ ಹೆಚ್ಚಾಗಿ, ಮಳೆಯಲ್ಲೇ ಶಿರಸಿಗೆ ಹೊತ್ತುಕೊಂಡು ಹೋಗಿ ನೆಬ್ಯುಲೈಸರ್ ಹಾಕಿಸಬೇಕಾಯ್ತು. ಅದೇ ಮನೆ, ಅದೇ ಕೊಟ್ಟಿಗೆ, ಅದೇ ದನ.

ಹೊಟ್ಟೆಯಲ್ಲಿರೋ ಸೂಕ್ಷ್ಮಾಣುಗಳಿಗೂ ಶ್ವಾಸಕೋಶಕ್ಕೂ ಸಂಬಂಧ ಇದೆ ಅಂತ ಎಲ್ಲೋ ಓದಿದೆ. ಇದರಲ್ಲಿ ಹುರುಳಿದೆಯಾ, ಇಲ್ಲಾ ಇದೂ ವಾಟ್ಸಾಪ್ ಜಾತಿಯದಾ? ಗೊತ್ತಿದ್ದವರು ಹೇಳಿ.


ಬೆಟ್ಟದ ಸೊಪ್ಪು, ಶಿರಸಿ

ಆಯಿ ಹೇಳಿದ್ದು ಸರಿ ಇದ್ದು ತಂಗೀ. ನಮ್ಮನೆಯಲ್ಲಿ ಮೂರು ತಲೆಮಾರು ಕೊಟ್ಟಿಗೆ ಪಕ್ಕದಲ್ಲೇ ಮಲಗಿದ್ದು. ಒಬ್ಬರಿಗೂ ಅಸ್ತಮಾ ಇಲ್ಲ. ಈಗಿನ ಮಕ್ಕಳಿಗೆ ಕಾಲಿಗೆ ಮಣ್ಣು ತಾಗಿದರೆ ಕೈಗೆ ಸ್ಯಾನಿಟೈಸರ್! ದೀಪಾವಳಿಗೆ ಮಾಣಿಯನ್ನ ಕಳಿಸಿ, ನಾವು ನೋಡಿಕೊಳ್ತೇವೆ.


ಹಳೇ ಸ್ಟೆತೊಸ್ಕೋಪು, ಹೊನ್ನಾವರ

ನಾನು ಮಕ್ಕಳ ವೈದ್ಯನಾಗಿ ಕೆಲಸ ಮಾಡಿ ನಿವೃತ್ತನಾದವನು. ಮೊದಲು ಒಂದು ಮಾತು, ಉಳಿದದ್ದು ಆಮೇಲೆ. ಇನ್ಹೇಲರ್ ನಿಲ್ಲಿಸಬೇಡಿ. ಸ್ಪೇಸರ್ (ಇನ್ಹೇಲರಿಗೆ ಸಿಕ್ಕಿಸುವ ಕೊಳವೆ) ಹಚ್ಚಿ ಕೊಡಿ, ಕೊಟ್ಟ ಮೇಲೆ ಬಾಯಿ ಮುಕ್ಕಳಿಸಿಸಿ. "ಇನ್ಹೇಲರ್ ಅಭ್ಯಾಸ ಆಗ್ತದೆ" ಅನ್ನುವ ಮಾತಿಗೆ ಕಿವಿಗೊಟ್ಟು, ಔಷಧ ಬಿಡಿಸಿ, ನೀಲಿಗಟ್ಟಿದ ತುಟಿಯ ಮಕ್ಕಳನ್ನು ರಾತ್ರಿ ಎರಡು ಗಂಟೆಗೆ ಎತ್ತಿಕೊಂಡು ಬಂದವರನ್ನ ನೋಡಿದ್ದೇನೆ.

ಮೂರು ಸಲ ಆ್ಯಂಟಿಬಯೋಟಿಕ್ ಅಂದ್ರಲ್ಲ, ಪ್ರತಿ ಸಲ ಜ್ವರ ಎಷ್ಟಿತ್ತು? ಮಕ್ಕಳ ಉಬ್ಬಸವನ್ನು ಕೆರಳಿಸೋದು ಹೆಚ್ಚಿನ ಸಲ ನೆಗಡಿಯ ವೈರಸ್. ಆ್ಯಂಟಿಬಯೋಟಿಕ್ ಅದರ ಕೂದಲೂ ಕೊಂಕಿಸೋದಿಲ್ಲ.


ಯಾಣದ ದಾರಿ

ಜ್ವರ ಒಂದು ಸಲ ಮಾತ್ರ ಸರ್, ಅದೂ ಒಂದೇ ದಿನ. ಉಳಿದ ಎರಡು ಸಲ ಬರೀ ಕೆಮ್ಮು. ಒಂದು ಸಲವಂತೂ ನಾನೇ "ಏನಾದ್ರೂ ಸ್ಟ್ರಾಂಗ್ ಕೊಡಿ, ಸೋಮವಾರ ಶಾಲೆ ಇದೆ" ಅಂದಿದ್ದೆ. ಈಗ ನೆನೆದರೆ ನಾಚಿಕೆ.


ಸೂಕ್ಷ್ಮದರ್ಶಿ, ಕುಮಟಾ (ಸದ್ಯ ಹೊರ ಊರು)

ನಾನು ಸೂಕ್ಷ್ಮಜೀವಿಶಾಸ್ತ್ರದವಳು, ಪ್ರಯೋಗಾಲಯದಲ್ಲಿ ಕೆಲಸ. ರೋಗಿಗಳನ್ನು ನೋಡುವವಳಲ್ಲ, ಅದನ್ನ ಗಮನದಲ್ಲಿಟ್ಟುಕೊಂಡು ಓದಿ. ಸ್ವಲ್ಪ ಉದ್ದ ಆಗ್ತದೆ.

ಹುರುಳಿದೆ. ನಮ್ಮ ಮೈಯಲ್ಲಿ ಬ್ಯಾಕ್ಟೀರಿಯಗಳು ನಮ್ಮ ಜೀವಕೋಶಗಳ ಹತ್ತು ಪಟ್ಟು ಇವೆ ಅಂತ ಬಹಳ ಕಾಲ ಹೇಳ್ತಿದ್ದರು. 2016ರಲ್ಲಿ ಮತ್ತೆ ಲೆಕ್ಕ ಹಾಕಿದಾಗ ಸುಮಾರು 70 ಕೆಜಿ ತೂಕದ ಗಂಡಸಿನಲ್ಲಿ 30 ಲಕ್ಷ ಕೋಟಿ ಜೀವಕೋಶ, 38 ಲಕ್ಷ ಕೋಟಿ ಬ್ಯಾಕ್ಟೀರಿಯ ಅಂತ ಬಂತು. ಹೆಚ್ಚುಕಡಿಮೆ ಸಮ ಸಮ. ಎಲ್ಲವನ್ನೂ ತೂಗಿದರೆ ಕಾಲು ಕೆಜಿಯೂ ಇಲ್ಲ. ಇವುಗಳಲ್ಲಿ ಬಹುಪಾಲು ಇರುವುದು ದೊಡ್ಡ ಕರುಳಿನಲ್ಲಿ. ಅಲ್ಲಿನ ಒಂದು ಗ್ರಾಂನಲ್ಲಿ ಹತ್ತು ಸಾವಿರ ಕೋಟಿಯಷ್ಟು.

ಶ್ವಾಸಕೋಶದ ಕತೆ ಬೇರೆ. ಆರೋಗ್ಯವಂತರ ಶ್ವಾಸಕೋಶದಲ್ಲಿ ಏನೂ ಇರೋದಿಲ್ಲ, ಅದು ಪೂರ್ತಿ ಚೊಕ್ಕ ಅಂತ ಪಠ್ಯಪುಸ್ತಕಗಳಲ್ಲೇ ಇತ್ತು. ನಾವೂ ಹಾಗೇ ಬರೆದು ಅಂಕ ತೆಗೆದುಕೊಂಡದ್ದು! 2007ರಲ್ಲಿ ಅಮೆರಿಕದಲ್ಲಿ ಮನುಷ್ಯನ ಸೂಕ್ಷ್ಮಾಣುಗಳ ದೊಡ್ಡ ಯೋಜನೆ ಶುರುವಾದಾಗ ಬಾಯಿ, ಮೂಗು, ಚರ್ಮ, ಕರುಳು ಎಲ್ಲ ಪಟ್ಟಿಯಲ್ಲಿತ್ತು, ಶ್ವಾಸಕೋಶ ಇರಲಿಲ್ಲ. 2010ರಲ್ಲಿ ಬ್ರಿಟನ್ನಿನ ಒಂದು ತಂಡ ಶ್ವಾಸನಾಳದೊಳಗಿನ ಡಿಎನ್‌ಎ ಪರೀಕ್ಷಿಸಿ, ಆರೋಗ್ಯವಂತರಲ್ಲೂ ಅಲ್ಲಿ ಬ್ಯಾಕ್ಟೀರಿಯ ಇವೆ ಅಂತ ತೋರಿಸಿತು. ಅಸ್ತಮಾ ಇರುವವರಲ್ಲಿ ಬೇರೆ ಗುಂಪು. ಹಿಮೋಫಿಲಸ್‌ನಂಥವು ಹೆಚ್ಚು, ಪ್ರಿವೊಟೆಲ್ಲದಂಥವು ಕಡಿಮೆ.

ನಮ್ಮ ಕಡೆಯವರಿಗೆ ಹೇಳೋದಾದ್ರೆ ಕರುಳು ಅಂದ್ರೆ ಅಡಿಕೆ ತೋಟ. ಬೇರು ಬಿಟ್ಟು ವರ್ಷಾನುಗಟ್ಟಲೆ ಅಲ್ಲೇ ಇರುವವರು. ಶ್ವಾಸಕೋಶ ಅಂದ್ರೆ ಅಘನಾಶಿನಿಯ ಅಳಿವೆ. ಬರುವವು ಬರ್ತಿರ್ತವೆ, ಹೋಗುವವು ಹೋಗ್ತಿರ್ತವೆ. ನಿದ್ದೆಯಲ್ಲಿ ನಮ್ಮ ಬಾಯಿಯ ಜೊಲ್ಲು ಹನಿಹನಿಯಾಗಿ ಒಳಗೆ ಇಳಿಯುತ್ತದೆ, ಎಲ್ಲರಿಗೂ. ಅದರ ಜೊತೆ ಬಾಯಿಯ ಬ್ಯಾಕ್ಟೀರಿಯವೂ ಹೋಗ್ತವೆ. ಕೆಮ್ಮು ಮತ್ತು ಶ್ವಾಸನಾಳದ ಗೋಡೆಯ ಎಳೆಎಳೆ ರೋಮಗಳು ಅವನ್ನು ಮೇಲಕ್ಕೆ ತಳ್ಳುತ್ತಿರುತ್ತವೆ. ಅಳಿವೆಯ ಬಾಯಿಗೆ ಮರಳು ಕಟ್ಟಿದರೆ ಏನಾಗ್ತದೆ ಅಂತ ಇಲ್ಲಿ ಎಲ್ಲರಿಗೂ ಗೊತ್ತು. ಹಾಗೇ ಕಫ ಕಟ್ಟಿ, ರೋಮಗಳು ಸೋತರೆ, ಹೋಗಬೇಕಾದವು ಅಲ್ಲೇ ನಿಂತು ಬೆಳೆಯುತ್ತವೆ.

ಇನ್ನು ಹೊಟ್ಟೆಗೂ ಎದೆಗೂ ಇರುವ ದಾರಿ. ನಾವು ತಿಂದ ನಾರನ್ನು ನಮ್ಮ ದೇಹ ಅರಗಿಸಲಾರದು. ದೊಡ್ಡ ಕರುಳಿನ ಬ್ಯಾಕ್ಟೀರಿಯ ಅದನ್ನು ಹುಳಿಸಿ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎನ್ನುವ ಸಣ್ಣ ಆಮ್ಲಗಳನ್ನು ಮಾಡ್ತವೆ. ಬ್ಯುಟಿರೇಟ್ ಬಹುಪಾಲು ಕರುಳಿನ ಗೋಡೆಯ ಕೋಶಗಳಿಗೇ ಊಟ. ಮಿಕ್ಕವು ರಕ್ತಕ್ಕೆ ಸೇರುತ್ತವೆ. 2014ರಲ್ಲಿ ಸ್ವಿಟ್ಜರ್ಲೆಂಡಿನ ತಂಡವೊಂದು ಇಲಿಗಳಿಗೆ ನಾರು ಹೆಚ್ಚಿರುವ ಆಹಾರ ಕೊಟ್ಟು ನೋಡಿತು. ಅವುಗಳ ಶ್ವಾಸನಾಳದ ಅಲರ್ಜಿ ಉರಿಯೂತ ಕಡಿಮೆಯಾಯಿತು. ಬರೀ ಪ್ರೊಪಿಯೊನೇಟ್ ಕೊಟ್ಟಾಗಲೂ ಹಾಗೇ. ಎಲುಬಿನ ಮಜ್ಜೆಯಲ್ಲಿ ಹುಟ್ಟುವ ರೋಗನಿರೋಧಕ ಕೋಶಗಳ ಸ್ವಭಾವವೇ ಬದಲಾಗಿ, ಅವು ಶ್ವಾಸಕೋಶಕ್ಕೆ ಬಂದ ಮೇಲೆ ಸುಮ್ಮಸುಮ್ಮನೆ ಜಗಳ ತೆಗೆಯುತ್ತಿರಲಿಲ್ಲ. ಇದು ಇಲಿಯ ಲೆಕ್ಕ, ಮಾಣಿಯ ಲೆಕ್ಕ ಅಲ್ಲ. ಆದರೆ ದಾರಿ ಇದೆ ಅನ್ನೋದು ಕಂಡಿತು.

ಕೊಟ್ಟಿಗೆ ವಿಷಯ ನಾಳೆ ಬರೀತೇನೆ. ಅದು ಬೇರೆಯೇ ಮಜಾ ಇದೆ.


ದೇವಬಾಗದ ಅಲೆ, ಕಾರವಾರ

ಅಳಿವೆ ಉದಾಹರಣೆ ಭಾರೀ ಲಾಯ್ಕಾಯ್ತು ಅಕ್ಕಾ. ನಮ್ಮ ಅಪ್ಪನಿಗೆ ಟಿಬಿ ಆಗಿತ್ತು, ದೋಣಿಗೆ ಹೋಗ್ತಿದ್ದವರು. ಆರು ತಿಂಗಳ ಮಾತ್ರೆ ಪೂರ್ತಿ ಮಾಡಿ ಗುಣ ಆದರು. ಎದೆ ಗುಣ ಆಯಿತು, ಆದರೆ ಆ ಆರು ತಿಂಗಳು ಹೊಟ್ಟೆ ಅವರದ್ದಾಗಿರಲಿಲ್ಲ. ಊಟ ಸೇರದು. ಕೊನೆಗೆ ಬೆಳಿಗ್ಗೆ ಗಂಜಿ, ಉಪ್ಪಿನಕಾಯಿ, ಸುಟ್ಟ ಒಣಮೀನು, ಅಷ್ಟೇ ಇಳಿಯೋದು. ಟಿಬಿ ಮಾತ್ರೆ ಒಳ್ಳೆ ಬ್ಯಾಕ್ಟೀರಿಯವನ್ನೂ ಕೊಲ್ತದಾ?


ಸೂಕ್ಷ್ಮದರ್ಶಿ

ಕೊಲ್ತದೆ. ಆ ಮಾತ್ರೆಗಳಲ್ಲಿ ಐಸೋನಿಯಾಜಿಡ್ ಹೆಚ್ಚಾಗಿ ಟಿಬಿ ಜಾತಿಯದಕ್ಕೇ ಗುರಿಯಿಡ್ತದೆ, ಆದರೆ ರಿಫಾಂಪಿಸಿನ್ ಬೇರೆ ಎಷ್ಟೋ ಬ್ಯಾಕ್ಟೀರಿಯಗಳ ಮೇಲೂ ಬಲೆ ಬೀಸುವಂಥದ್ದು. ಬಂಗುಡೆಗೆ ಅಂತ ಬೀಸಿದ ಬಲೆಗೆ ಬೇರೆ ಮೀನೂ ಬೀಳೋದಿಲ್ವಾ, ಹಾಗೆ. ಆದರೂ ಅಪ್ಪ ಪೂರ್ತಿ ತೆಗೆದುಕೊಂಡದ್ದು ದೊಡ್ಡ ಕೆಲಸ. ನಡುವೆ ಬಿಟ್ಟಿದ್ದರೆ ಔಷಧಕ್ಕೆ ಬಗ್ಗದ ಟಿಬಿ ಆಗುವ ಅಪಾಯ. ಜಗತ್ತಿನ ಟಿಬಿ ರೋಗಿಗಳಲ್ಲಿ ಸುಮಾರು ಕಾಲು ಭಾಗ ನಮ್ಮ ದೇಶದಲ್ಲೇ ಇದ್ದಾರೆ.


ಗಜನಿ ಗದ್ದೆ, ಕುಮಟಾ

ಗಂಜಿ ಅಂದ ಕೂಡಲೇ ಬಂದೆ. ನಮ್ಮ ಕಗ್ಗದ ಅಕ್ಕಿ ಗಂಜಿ ಉಂಡವರಿಗೆ ಯಾವ ಕ್ಯಾಪ್ಸೂಲೂ ಬೇಡ. ಉಪ್ಪು ನೀರಲ್ಲಿ ಬೆಳೆಯುವ ಭತ್ತ ಅದು, ಹೊಟ್ಟೆಗೆ ತಂಪು. ಈಗ ಗಜನಿಗಳಲ್ಲಿ (ಅಳಿವೆ ಪಕ್ಕದ ಉಪ್ಪುನೀರಿನ ಗದ್ದೆ) ಭತ್ತ ಬಿಟ್ಟು ಸೀಗಡಿ ಕೆರೆ ಮಾಡಿ ಕಗ್ಗ ಕಾಣೋದೇ ಅಪರೂಪ ಆಗಿದೆ, ಅದು ಬೇರೆ ಸಂಕಟ.


ಔಷಧಿ ಅಂಗಡಿ ಕಟ್ಟೆ, ಅಂಕೋಲಾ

ಕ್ಯಾಪ್ಸೂಲ್ ವಿಷಯ ಬಂತು, ಹಾಗಾಗಿ ಹೇಳ್ತೇನೆ. ಹದಿನೆಂಟು ವರ್ಷದಿಂದ ಔಷಧಿ ಅಂಗಡಿಯಲ್ಲಿದ್ದೇನೆ. ಈಗ ಆ್ಯಂಟಿಬಯೋಟಿಕ್ ಚೀಟಿ ಬಂದರೆ ಜೊತೆಗೆ "ಹೊಟ್ಟೆ ಬ್ಯಾಕ್ಟೀರಿಯ" ಕ್ಯಾಪ್ಸೂಲೋ ಸಣ್ಣ ಪ್ಲಾಸ್ಟಿಕ್ ಬಾಟಲಿಯ ದ್ರವವೋ ಇದ್ದೇ ಇರ್ತದೆ. ಒಳಗಿರೋದು ಹೆಚ್ಚಾಗಿ ಸ್ಯಾಕರೊಮೈಸಿಸ್ ಬೌಲಾರ್ಡಿ ಇಲ್ಲವೇ ಬ್ಯಾಸಿಲಸ್ ಕ್ಲಾಸಿ. ಜನ ಈಗ ಚೀಟಿ ಇಲ್ಲದೆಯೂ ಕೇಳ್ತಾರೆ, "ಇಮ್ಯುನಿಟಿಗೆ". ಮಾರಿದರೆ ನಂಗೆ ಲಾಭ, ಆದರೆ ಎಷ್ಟು ಜನರಿಗೆ ನಿಜವಾಗಿ ಬೇಕು ಅಂತ ನನ್ನ ಅನುಮಾನ.


ಸೂಕ್ಷ್ಮದರ್ಶಿ

ಬೌಲಾರ್ಡಿ ಬ್ಯಾಕ್ಟೀರಿಯ ಅಲ್ಲ, ಯೀಸ್ಟು. ಇಡ್ಲಿ ಹಿಟ್ಟಿನ ನಂಟರ ಪೈಕಿ ಅನ್ನಿ. ಅದರ ಹುಟ್ಟು ಕೇಳಿದರೆ ನಿಮಗೆಲ್ಲ ಖುಷಿಯಾಗ್ತದೆ. 1920ರ ದಶಕದಲ್ಲಿ ಹೆನ್ರಿ ಬೌಲಾರ್ಡ್ ಅನ್ನುವ ಫ್ರೆಂಚ್ ವಿಜ್ಞಾನಿ ಇಂಡೋಚೈನಾದಲ್ಲಿದ್ದಾಗ ಅಲ್ಲಿ ಕಾಲರಾ. ಊರವರು ಲಿಚಿ ಮತ್ತು ಮ್ಯಾಂಗೋಸ್ಟೀನ್ ಸಿಪ್ಪೆ ಕುದಿಸಿ ಕುಡಿಯುತ್ತಿದ್ದದ್ದನ್ನು ನೋಡಿ, ಆ ಹಣ್ಣುಗಳಿಂದಲೇ ಈ ಯೀಸ್ಟನ್ನು ಬೇರ್ಪಡಿಸಿದ. ಮ್ಯಾಂಗೋಸ್ಟೀನ್ ಅಂದ್ರೆ ನಮ್ಮ ಮುರುಗಲಿನ (ಕೋಕಂ) ದಾಯಾದಿ, ಇಬ್ಬರದೂ ಗಾರ್ಸೀನಿಯಾ ಕುಲ. (ಹಾಗಂತ ಕೋಕಂ ಶರಬತ್ತಲ್ಲಿ ಬೌಲಾರ್ಡಿ ಇದೆ ಅಂತ ಯಾರೂ ಸುದ್ದಿ ಹಬ್ಬಿಸಬೇಡಿ ಮಾರಾಯ್ರೆ.)

ಆ್ಯಂಟಿಬಯೋಟಿಕ್‌ನಿಂದ ಆಗುವ ಭೇದಿ ತಡೆಯಲು ಕೆಲವು ತಳಿಗಳು ಸಹಾಯ ಮಾಡ್ತವೆ. ಅಷ್ಟರಮಟ್ಟಿಗೆ ಸರಿ. ಆದರೆ 2018ರಲ್ಲಿ ಇಸ್ರೇಲಿನಲ್ಲಿ ಮಾಡಿದ ಪ್ರಯೋಗದಲ್ಲಿ ಇನ್ನೊಂದು ಕಂಡಿತು. ಆ್ಯಂಟಿಬಯೋಟಿಕ್ ಮುಗಿದ ಮೇಲೆ ಹನ್ನೊಂದು ತಳಿಗಳಿರುವ ಪ್ರೊಬಯಾಟಿಕ್ (ಇಂಥದೇ ಜೀವಂತ ಸೂಕ್ಷ್ಮಾಣುಗಳ ಔಷಧ) ತೆಗೆದುಕೊಂಡವರ ಕರುಳಿಗೆ ಅವರದೇ ಹಳೇ ಬ್ಯಾಕ್ಟೀರಿಯ ಮರಳುವುದು, ಏನೂ ತೆಗೆದುಕೊಳ್ಳದವರಿಗಿಂತ ತಡವಾಯಿತು. ಗದ್ದೆ ಖಾಲಿಯಾದಾಗ ಹೊರಗಿನ ಬೀಜ ಚೆಲ್ಲಿದರೆ ಅಲ್ಲಿನದೇ ಹುಲ್ಲು ಏಳೋದಕ್ಕೆ ಜಾಗ ಸಿಗಲಿಲ್ಲ.

ಉಲ್ಟಾ ಉದಾಹರಣೆಯೂ ಇದೆ, ಅದೂ ನಮ್ಮ ದೇಶದ್ದೇ. ಒಡಿಶಾದ ಹಳ್ಳಿಗಳಲ್ಲಿ 4,500ಕ್ಕೂ ಹೆಚ್ಚು ನವಜಾತ ಶಿಶುಗಳ ಮೇಲೆ ನಡೆದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಶಿಶುಗಳಿಗೆ ಹುಟ್ಟಿದ ಮೊದಲ ದಿನಗಳಲ್ಲಿ ಏಳು ದಿನ ಲ್ಯಾಕ್ಟೊಬ್ಯಾಸಿಲಸ್ ಪ್ಲಾಂಟಾರಮ್‌ನ ಒಂದು ತಳಿಯನ್ನೂ ಅದು ತಿನ್ನುವ ಸಕ್ಕರೆ ಜಾತಿಯ ನಾರನ್ನೂ ಕೊಟ್ಟರು. ರಕ್ತಕ್ಕೆ ನಂಜೇರುವುದು ಅಥವಾ ಸಾವು, ಎರಡೂ ಸೇರಿ ಕೊಡದ ಶಿಶುಗಳಲ್ಲಿ 9%, ಕೊಟ್ಟವರಲ್ಲಿ 5.4%. ಕೊಟ್ಟದ್ದು ಹೊಟ್ಟೆಗೆ, ಆದರೆ ಶ್ವಾಸಕೋಶದ ಸೋಂಕೂ ಕಡಿಮೆಯಾಯಿತು. ನಂಗೆ ಈ ಇಡೀ ವಿಷಯದಲ್ಲಿ ಅತಿ ಗಟ್ಟಿ ಅನ್ನಿಸುವ ಸಾಕ್ಷಿ ಇದು.


ಯಾಣದ ದಾರಿ

ಹಂಗಾರೆ ಅದನ್ನೇ ನಮ್ಮ ಮಾಣಿಗೆ ಕೊಡಬಹುದಲ್ಲ?


ಹಳೇ ಸ್ಟೆತೊಸ್ಕೋಪು

ಅದು ಹುಟ್ಟಿದ ವಾರದ ಕೂಸುಗಳಿಗೆ, ಒಂದು ನಿರ್ದಿಷ್ಟ ತಳಿ. ನಿಮ್ಮವನಿಗೆ ಆರು ವರ್ಷ. ಅಂಗಡಿಯಲ್ಲಿ ಸಿಗುವ ಪುಡಿಯಿಂದ ಅಸ್ತಮಾ ಹೋಗೋದಿಲ್ಲ.


ನಿರ್ವಾಹಕರು

"ಏಳು ದಿನದಲ್ಲಿ ಕರುಳು ಶುದ್ಧಿ, ಇನ್ಹೇಲರ್‌ಗೆ ವಿದಾಯ" ಅನ್ನುವ ಪುಡಿಯ ಜಾಹೀರಾತು ಎರಡು ಸಲ ಇಲ್ಲಿ ಬಂದಿತ್ತು, ತೆಗೆದಿದ್ದೇವೆ. ಮೂರನೇ ಸಲ ಹಾಕಿದರೆ ಖಾತೆ ಬಂದ್.


ಸೂಕ್ಷ್ಮದರ್ಶಿ

ಹೇಳಿದ ಹಾಗೆ ಕೊಟ್ಟಿಗೆಗೆ ಬಂದೆ.

ಬೆಟ್ಟದ ಸೊಪ್ಪು ಅಣ್ಣ ಬರೆದದ್ದನ್ನ ನಗಾಡುವ ಹಾಗಿಲ್ಲ. ಅಮೆರಿಕದಲ್ಲಿ ಆಮಿಶ್ ಮತ್ತು ಹಟೆರೈಟ್ ಅಂತ ಎರಡು ಪಂಗಡ. ಇಬ್ಬರ ಮೂಲವೂ ಯುರೋಪು, ಇಬ್ಬರೂ ಕೃಷಿಕರು, ಊಟ, ದೊಡ್ಡ ಕುಟುಂಬ ಎಲ್ಲ ಸುಮಾರು ಒಂದೇ ತರ. ಆಮಿಶರದು ಕುದುರೆ ಹೂಡುವ ಹಳೇ ಪದ್ಧತಿ, ಮನೆ ಪಕ್ಕದಲ್ಲೇ ಕೊಟ್ಟಿಗೆ, ಮಕ್ಕಳು ಅಲ್ಲೇ ಆಡ್ತಾರೆ. ಹಟೆರೈಟರದು ದೊಡ್ಡ ಯಂತ್ರಗಳ ಸಾಮೂಹಿಕ ಫಾರ್ಮು, ಮನೆಯಿಂದ ದೂರ. 2016ರಲ್ಲಿ ಬಂದ ಅಧ್ಯಯನದಲ್ಲಿ ಆಮಿಶ್ ಮಕ್ಕಳಲ್ಲಿ ಅಸ್ತಮಾ 5.2%, ಹಟೆರೈಟ್ ಮಕ್ಕಳಲ್ಲಿ 21.3%. ಆಮಿಶರ ಮನೆಯ ಧೂಳಿನಲ್ಲಿ ಬ್ಯಾಕ್ಟೀರಿಯದ ಹೊರಕವಚದ ಅಂಶ ಸುಮಾರು ಏಳು ಪಟ್ಟು. ಅದೇ ಧೂಳನ್ನು ಇಲಿಗಳ ಮೂಗಿಗೆ ಬಿಟ್ಟಾಗ ಅವುಗಳಿಗೆ ಅಲರ್ಜಿಯ ಉಬ್ಬಸದಿಂದ ರಕ್ಷಣೆ ಸಿಕ್ಕಿತು, ಹಟೆರೈಟ್ ಧೂಳಿನಿಂದ ಸಿಗಲಿಲ್ಲ.

ಆದರೆ ವಯಸ್ಸು ನೋಡಬೇಕು. ಇಂಥ ರಕ್ಷಣೆ ಹೆಚ್ಚು ಕಾಣೋದು ತಾಯಿ ಬಸುರಿಯಿದ್ದಾಗ ಮತ್ತು ಮಗುವಿನ ಮೊದಲ ಒಂದೆರಡು ವರ್ಷದಲ್ಲಿ ಕೊಟ್ಟಿಗೆಯ ಒಡನಾಟ ಇದ್ದರೆ. ಕೆನಡಾದ ಅಧ್ಯಯನವೊಂದು ಮುಂದೆ ಅಸ್ತಮಾದ ಅಪಾಯ ಇದ್ದ ಮಕ್ಕಳ ಮೂರು ತಿಂಗಳಿನ ಮಲ ಪರೀಕ್ಷಿಸಿದಾಗ, ಆಗಲೇ ನಾಲ್ಕು ಜಾತಿಯ ಬ್ಯಾಕ್ಟೀರಿಯ ಕಡಿಮೆ ಇದ್ದವು. ಮೂರು ತಿಂಗಳು! ಆಗ ಕಲಿತ ಪಾಠವನ್ನು ಆರು ವರ್ಷಕ್ಕೆ ನಾಲ್ಕು ದಿನದ ಚೌತಿ ರಜೆಯಲ್ಲಿ ಕಲಿಸಲಿಕ್ಕಾಗದು. ಅಸ್ತಮಾ ಶುರುವಾದ ಮೇಲೆ ಅದೇ ಧೂಳು ಕೆರಳಿಸುವ ಧೂಳೂ ಆಗಬಹುದು.

ಆ್ಯಂಟಿಬಯೋಟಿಕ್ ಬಗ್ಗೆಯೂ ಒಂದು. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಕೂಸುಗಳಿಗೆ ಆ್ಯಂಟಿಬಯೋಟಿಕ್ ಬರೆಯುವುದು ವರ್ಷವರ್ಷ ಇಳಿಯಿತು, ಸಣ್ಣ ಮಕ್ಕಳ ಅಸ್ತಮಾವೂ ಅದರ ಹಿಂದೆಯೇ ಇಳಿಯಿತು ಅಂತ 2020ರಲ್ಲಿ ವರದಿಯಾಯಿತು. ಒಂದರಿಂದಲೇ ಇನ್ನೊಂದು ಆಯಿತು ಅಂತ ಇದರಿಂದ ಸಿದ್ಧವಾಗೋದಿಲ್ಲ. ಆದರೂ ಎಚ್ಚರಿಕೆಗೆ ಸಾಕು.


ಬೆಟ್ಟದ ಸೊಪ್ಪು

ನೋಡಿ! ಅಮೆರಿಕದವರು ಹೇಳಿದರೆ ವಿಜ್ಞಾನ, ನಮ್ಮ ಆಯಿ ಹೇಳಿದರೆ ಮೂಢನಂಬಿಕೆ. ಇನ್ನು ಹಸಿ ಹಾಲೂ ಒಳ್ಳೇದು ಅಂತ ಬರೆದುಬಿಡಿ, ಮುಗೀತು.


ಸೂಕ್ಷ್ಮದರ್ಶಿ

ಯುರೋಪಿನ ಹಳ್ಳಿಗಳಲ್ಲಿ ಕಾಯಿಸದ ಹಾಲು ಕುಡಿವ ಮಕ್ಕಳಿಗೆ ಅಸ್ತಮಾ ಕಡಿಮೆ ಅಂತ ಅಧ್ಯಯನ ನಿಜವಾಗಿಯೂ ಇದೆ ಅಣ್ಣಾ. ಆ ಸಂಶೋಧಕರೇ ಹಸಿ ಹಾಲು ಕುಡಿಯಿರಿ ಅಂತ ಹೇಳಲಿಲ್ಲ. ನಮ್ಮಲ್ಲಿ ದನಗಳಿಗೆ ಬ್ರುಸೆಲ್ಲಾ (ಹಸಿ ಹಾಲಿನಿಂದ ನಮಗೂ ಅಂಟುವ ಬ್ಯಾಕ್ಟೀರಿಯ) ಇದೆ, ದನದ ಟಿಬಿ ಇದೆ. ಕಾಯಿಸಿ. ಕಾಯಿಸಿ ಹೆಪ್ಪು ಹಾಕಿದರೆ ನಿಮಗೆ ಬೇಕಾದ ಬ್ಯಾಕ್ಟೀರಿಯ ಮಜ್ಜಿಗೆಯಲ್ಲಿ ಹೇಗೂ ಬರ್ತವೆ.


ಹಳೇ ಸ್ಟೆತೊಸ್ಕೋಪು

ಮಣ್ಣಿನ ಭಕ್ತರಿಗೆ ನನ್ನದೊಂದು ಕಹಿ ಮಾತ್ರೆ. ನಮ್ಮ ಕರಾವಳಿಯ ಗದ್ದೆ ಮಣ್ಣಿನಲ್ಲಿ ಬರ್ಕ್‌ಹೋಲ್ಡೇರಿಯಾ ಸ್ಯೂಡೋಮ್ಯಾಲಿಯೈ ಅನ್ನುವ ಬ್ಯಾಕ್ಟೀರಿಯ ಇದೆ. ಅದರಿಂದ ಬರೋದು ಮೆಲಿಯಾಯ್ಡೋಸಿಸ್. ಹೆಚ್ಚಾಗಿ ಮಳೆಗಾಲದಲ್ಲಿ, ಹೆಚ್ಚಾಗಿ ಸಕ್ಕರೆ ಕಾಯಿಲೆ ಇದ್ದವರಿಗೆ. ಗಾಯದಿಂದ ಒಳಗೆ ಹೋಗಬಹುದು, ಗಾಳಿಮಳೆಯಲ್ಲಿ ಉಸಿರಿನ ಜೊತೆಯೂ ಹೋಗಬಹುದು. ನ್ಯುಮೋನಿಯಾ ಆಗ್ತದೆ, ಎಷ್ಟೋ ಸಲ ಟಿಬಿ ಅಂತ ತಪ್ಪು ತಿಳಿದು ಚಿಕಿತ್ಸೆ ಹಾಳು. ಗುರುತು ಸಿಕ್ಕರೆ ಔಷಧ ಇದೆ, ಆದರೆ ತಿಂಗಳುಗಟ್ಟಲೆ ತೆಗೆದುಕೊಳ್ಳಬೇಕು. ಶುಗರ್ ಇರುವವರು ನಾಟಿ ಗದ್ದೆಗೆ ಇಳಿಯುವಾಗ ಗಮ್‌ಬೂಟು ಹಾಕಿ.

ಮತ್ತೆ, ಯಾಣದ ದಾರಿಯವರೇ, ನಂಗೆ ಒಂದು ತಲೆಯಲ್ಲಿ ಕೊರೀತಿದೆ. ಮೇ ತಿಂಗಳಲ್ಲಿ ಏನೂ ಆಗದ ಮನೆಯಲ್ಲಿ ಚೌತಿಗೆ ಯಾಕೆ ಆಯಿತು? ಮಾಣಿ ಆ ಎರಡು ದಿನ ಎಲ್ಲಿ ಆಡಿದ?


ಯಾಣದ ದಾರಿ

ಮಳೆ ಅಲ್ವಾ ಸರ್, ಹೊರಗೆ ಬಿಡಲಿಲ್ಲ. ಮನೆ ಒಳಗೇ. ಅಣ್ಣನ ಮಕ್ಕಳ ಜೊತೆ ಕಣ್ಣಾಮುಚ್ಚಾಲೆ. ಕೊಟ್ಟಿಗೆ ಅಟ್ಟದ ಮೇಲೂ ಹತ್ತಿದ್ದರು ಅಂತ ಅತ್ತಿಗೆ ಹೇಳಿದಳು.


ಹಳೇ ಸ್ಟೆತೊಸ್ಕೋಪು

ಅಟ್ಟದಲ್ಲಿ ಹುಲ್ಲಿತ್ತಾ?


ಯಾಣದ ದಾರಿ

ಇರ್ತದೆ. ಇಡೀ ಮಳೆಗಾಲದ ಹುಲ್ಲು ಅಲ್ಲೇ ತುಂಬಿಡೋದು.


ಹಳೇ ಸ್ಟೆತೊಸ್ಕೋಪು

ಯಾರನ್ನಾದರೂ ಮೇಲೆ ಹತ್ತಿಸಿ ಬೂಷ್ಟು ಬಂದಿದೆಯಾ ನೋಡಿಸಿ. ಮೇ ತಿಂಗಳ ಹುಲ್ಲು ಗರಿಗರಿ ಒಣಗಿರ್ತದೆ. ಭಾದ್ರಪದದ ಹುಲ್ಲು ಅದೇ ಹುಲ್ಲಲ್ಲ. ಮೂರು ತಿಂಗಳು ಘಟ್ಟದ ಥಂಡಿ ಕುಡಿದಿರ್ತದೆ. ಕೊಡವಿದರೆ ಹಿಟ್ಟಿನ ತರ ಧೂಳು ಏಳ್ತದೆ, ಅದು ಬೂಷ್ಟಿನ ಬೀಜಕಣ. ಅಸ್ತಮಾ ಇರುವ ಮಗುವಿಗೆ ಅಷ್ಟು ಸಾಕು.

ದೊಡ್ಡವರಿಗೂ ಇದು ಬಿಡೋದಿಲ್ಲ. "ರೈತನ ಶ್ವಾಸಕೋಶ" ಅಂತಲೇ ಒಂದು ಕಾಯಿಲೆ ಇದೆ, 1932ರಲ್ಲಿ ಇಂಗ್ಲೆಂಡಿನ ವೈದ್ಯರೊಬ್ಬರು ಬೂಷ್ಟು ಹುಲ್ಲಿನ ಕೆಲಸ ಮಾಡಿದವರಲ್ಲಿ ಕಂಡು ಬರೆದದ್ದು. ಒದ್ದೆಯಾಗಿ ಬಿಸಿ ಹಿಡಿದ ಹುಲ್ಲಿನಲ್ಲಿ ಬೆಳೆಯುವ ಶಾಖಪ್ರಿಯ ಬ್ಯಾಕ್ಟೀರಿಯ ಅದರ ಮುಖ್ಯ ಕಾರಣ. ಬೆಳಿಗ್ಗೆ ಹುಲ್ಲು ಕೊಡವಿದರೆ ನಾಲ್ಕರಿಂದ ಎಂಟು ಗಂಟೆ ಕಳೆದು ಜ್ವರ, ಮೈಕೈ ನೋವು, ಕೆಮ್ಮು, ಏದುಸಿರು. ಇದು ಸೋಂಕಲ್ಲ. ಸತ್ತ ಕಣಗಳ ಮೇಲೂ ನಮ್ಮ ರೋಗನಿರೋಧಕ ವ್ಯವಸ್ಥೆ ಸಿಟ್ಟಿಗೇಳುವುದು. ಎರಡು ದಿನಕ್ಕೆ ಇಳಿದುಹೋಗ್ತದೆ, ಫ್ಲೂ ಅಂದ್ಕೊಳ್ತಾರೆ. ವರ್ಷಗಟ್ಟಲೆ ಹೀಗೇ ಆದರೆ ಶ್ವಾಸಕೋಶ ಗಟ್ಟಿಯಾಗಿ ಕಲೆ ಕಟ್ಟುತ್ತದೆ.


ಬೆಟ್ಟದ ಸೊಪ್ಪು

ಈಗ ಸ್ವಲ್ಪ ಹೆದರಿಕೆ ಆತು. ನಮ್ಮ ಅಪ್ಪಯ್ಯಂಗೆ ಪ್ರತಿ ಆಷಾಢ ಶ್ರಾವಣದಲ್ಲಿ ಸಂಜೆ ಹೊತ್ತು ಚಳಿಜ್ವರ ಬರ್ತಿತ್ತು. ಮಲೇರಿಯಾ ಪರೀಕ್ಷೆ ಮಾಡಿದರೆ ಏನೂ ಇಲ್ಲ. ಕೊನೇಲಿ ಮೆಟ್ಟಿಲು ಹತ್ತಲೂ ಆಗದೇ ಹೋದರು. ಹುಲ್ಲು ಹಾಕೋದು ಅವರದೇ ಕೆಲಸ ಆಗಿತ್ತು. ಮೂರು ತಲೆಮಾರಲ್ಲಿ ಒಬ್ಬರಿಗೂ ಏನೂ ಆಗಲಿಲ್ಲ ಅಂತ ಬರೆದಿದ್ದೆ ಮೇಲೆ. ಅಸ್ತಮಾ ಅಲ್ಲ ಅಂತ ಲೆಕ್ಕ ಹಿಡಿದಿರಲಿಲ್ಲ.


ಹಳೇ ಸ್ಟೆತೊಸ್ಕೋಪು

ಅವರದು ಇದೇ ಆಗಿತ್ತು ಅಂತ ಈಗ ನಾನು ಹೇಳಲಾರೆ. ನಿಮಗೆ ಈಗ ಹಾಗೇನಾದರೂ ಆಗ್ತಿದ್ದರೆ ಹುಬ್ಬಳ್ಳಿಗೋ ಮಣಿಪಾಲಕ್ಕೋ ಹೋದಾಗ ಶ್ವಾಸಕೋಶದ ತಜ್ಞರಿಗೆ ಒಂದು ಸಲ ತೋರಿಸಿ, ಹುಲ್ಲಿನ ವಿಷಯ ನೀವೇ ಬಾಯಿಬಿಟ್ಟು ಹೇಳಿ. ಅವರು ಕೇಳದೇ ಇರಬಹುದು. ಹುಲ್ಲು ತೆಗೆಯುವಾಗ ಎನ್95 ಮಾಸ್ಕ್, ಟವೆಲ್ಲು ಸಾಲದು.


ದೇವಬಾಗದ ಅಲೆ

ಅಪ್ಪ ಈಗ ಹಾಸಿಗೆ ಹಿಡಿದಿದ್ದಾರೆ, ಹಲ್ಲು ಉಜ್ಜಿಸೋದು ಕಷ್ಟ. ಕವಳ (ಎಲೆ ಅಡಿಕೆ) ಹಾಕಿ ಹಾಕಿ ಹಲ್ಲೆಲ್ಲ ಹಾಳು. ಅಕ್ಕ ಹೇಳಿದ ಜೊಲ್ಲಿನ ವಿಷಯ ಓದಿ ಯೋಚನೆ ಆಯಿತು.


ಸೂಕ್ಷ್ಮದರ್ಶಿ

ಉಜ್ಜಿಸಿ, ಕಷ್ಟವಾದರೂ. ಆಸ್ಪತ್ರೆಯಲ್ಲಿರುವ ರೋಗಿಗಳ ಹಲ್ಲು ದಿನಾ ಬ್ರಷ್ ಮಾಡಿಸಿದ ಹದಿನೈದು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಆಸ್ಪತ್ರೆಯಲ್ಲಿ ಅಂಟುವ ನ್ಯುಮೋನಿಯಾ ಮೂರರಲ್ಲಿ ಒಂದು ಪಾಲಿನಷ್ಟು ಕಡಿಮೆ ಕಂಡಿತು. ವೆಂಟಿಲೇಟರಿನಲ್ಲಿ ಇದ್ದವರಿಗೆ ಹೆಚ್ಚು ಪ್ರಯೋಜನ. ಸಣ್ಣ ಮೆತ್ತನೆ ಬ್ರಷ್, ತಲೆ ಸ್ವಲ್ಪ ಎತ್ತರ ಮಾಡಿ. ಊಟ ಕೊಡುವಾಗಲೂ ಕೂರಿಸಿಯೇ ಕೊಡಿ.


ಔಷಧಿ ಅಂಗಡಿ ಕಟ್ಟೆ

ಕವಳದ ವಿಷಯ ಬಂತು, ಯಾರೂ ಹೇಳ್ತಿಲ್ಲ ಅಂತ ನಾನೇ ಹೇಳ್ತೇನೆ. ತಂಬಾಕು ಇಲ್ಲದ ಅಡಿಕೆಯೂ ಕ್ಯಾನ್ಸರ್‌ಕಾರಕ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ವರ್ಗೀಕರಿಸಿದೆ.


ಬೆಟ್ಟದ ಸೊಪ್ಪು

ಅಡಿಕೆ ಮಾನ ತೆಗೆಯಲು ಇಲ್ಲೂ ಶುರುವಾಯ್ತಾ? ನೂರು ವರ್ಷ ಬದುಕಿದ ಅಜ್ಜಂದಿರು ಕವಳ ಹಾಕದೇ ಇದ್ದರಾ?


ನಿರ್ವಾಹಕರು

ಅಡಿಕೆ ಜಗಳಕ್ಕೆ ಬೇರೆ ಎಳೆ ಇದೆ, ಈಗಾಗಲೇ 340 ಉತ್ತರ ಬಿದ್ದಿದೆ. ಅಲ್ಲಿ ಹೋಗಿ.


ಗಜನಿ ಗದ್ದೆ

ಊಟದ ಕಡೆ ಬನ್ನಿ. ಹೊಟ್ಟೆ ಬ್ಯಾಕ್ಟೀರಿಯಕ್ಕೆ ಏನು ಹಾಕಬೇಕು ಅಂತ ಸೂಕ್ಷ್ಮದರ್ಶಿಯವರು ಸರಿಯಾಗಿ ಹೇಳಲೇ ಇಲ್ಲ. ತಂಗಳು ಗಂಜಿ ಒಳ್ಳೇದೋ ಅಲ್ವೋ?


ಸೂಕ್ಷ್ಮದರ್ಶಿ

ಒಳ್ಳೇದೇ. ಅನ್ನ ಬೆಂದು ತಣಿದಾಗ ಅದರ ಪಿಷ್ಟದ ಸ್ವಲ್ಪ ಭಾಗ ಮತ್ತೆ ಗಟ್ಟಿ ಕಟ್ಟಿಕೊಂಡು ಸಣ್ಣ ಕರುಳಿನಲ್ಲಿ ಅರಗದೇ ಮುಂದೆ ಹೋಗ್ತದೆ. ದೊಡ್ಡ ಕರುಳಿನವರಿಗೆ ಅದೇ ಊಟ. ಬಾಳೆದಿಂಡು, ಹೆಸರುಕಾಳು, ಹಲಸಿನ ಗುಜ್ಜೆ, ಬಸಳೆ ಎಲ್ಲವೂ ಅದೇ ಕೆಲಸಕ್ಕೆ. ಕುಚ್ಚಲಕ್ಕಿಯಲ್ಲಿ ತವುಡು ಉಳಿದಷ್ಟೂ ಲಾಭ.

ಹುಳಿ ಬರಿಸಿದ್ದರ ಬಗ್ಗೆ: 2021ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ 36 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ನಾರಿನ ಊಟ, ಇನ್ನೊಂದಕ್ಕೆ ಮೊಸರಿನಂಥ ಹುದುಗಿದ ಆಹಾರ, ಹತ್ತು ವಾರ ಕೊಟ್ಟರು. ಹುದುಗಿದ್ದನ್ನು ತಿಂದವರ ಕರುಳಿನಲ್ಲಿ ಬ್ಯಾಕ್ಟೀರಿಯ ವೈವಿಧ್ಯ ಹೆಚ್ಚಿತು, ರಕ್ತದಲ್ಲಿ ಉರಿಯೂತದ 19 ಪ್ರೋಟೀನುಗಳು ಇಳಿದವು. ನಾರಿನ ಗುಂಪಿನಲ್ಲಿ ವೈವಿಧ್ಯ ಅಷ್ಟು ಬೇಗ ಬದಲಾಗಲಿಲ್ಲ. ಇಷ್ಟು ಸಣ್ಣ ಅಧ್ಯಯನದ ಮೇಲೆ ಕೋಟೆ ಕಟ್ಟಬೇಡಿ. ಆದರೆ ಒಂದೆಲಗದ ತಂಬುಳಿಗೆ ಹಸಿ ಮಜ್ಜಿಗೆ ಹಾಕಿ, ಕುದಿಸದೇ ಉಣ್ಣುವ ನಮ್ಮ ಪದ್ಧತಿ ಬಿಡೋದಕ್ಕೆ ಕಾರಣ ಏನೂ ಇಲ್ಲ. ಕುದಿಸಿದರೆ ಅದರಲ್ಲಿನ ಬ್ಯಾಕ್ಟೀರಿಯ ಸಾಯ್ತವೆ.

ಕೊನೆಗೊಂದು ಊರಿನ ಜಂಬ. ಬ್ಯಾಕ್ಟೀರಿಯವನ್ನು ಮೊದಲು ಕಂಡು ಬರೆದ ಲೇವನ್‌ಹುಕ್ 1676ರಲ್ಲಿ ನೋಡ್ತಿದ್ದದ್ದು ಏನು ಗೊತ್ತಾ? ಕಾಳುಮೆಣಸು ನೆನೆಸಿಟ್ಟ ನೀರು. ಮೆಣಸು ಯಾಕೆ ಖಾರ, ಅದಕ್ಕೆ ಸಣ್ಣ ಮುಳ್ಳುಗಳಿವೆಯಾ ಅಂತ ಹುಡುಕಲು ಹೊರಟವನಿಗೆ ಸಿಕ್ಕಿದ್ದು ಓಡಾಡುವ ಪುಟ್ಟ ಜೀವಿಗಳು. ಪೋರ್ಚುಗೀಸರು ಮೆಣಸಿನ ರಾಣಿ ಅಂತ ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಆಳ್ವಿಕೆ ಮುಗಿದು ನೂರು ವರ್ಷವೂ ಪೂರ್ತಿ ಕಳೆದಿರಲಿಲ್ಲ ಆಗ.


ಯಾಣದ ದಾರಿ

ಮೂರು ವಾರ ಆಯಿತು, ಸುದ್ದಿ ಹೇಳ್ತೇನೆ ಅಂದಿದ್ದೆ.

ಅಣ್ಣ ಅಟ್ಟ ಹತ್ತಿ ನೋಡಿದ. ಎರಡು ಹೆಂಚು ಒಡೆದು ನೀರು ಇಳಿದು, ಮೂಲೆಯ ಹುಲ್ಲೆಲ್ಲ ಬೂದಿ ಬಣ್ಣ ಬಂದಿತ್ತಂತೆ. ಎಳೆದ ಕೂಡಲೇ ಹೊಗೆ ಎದ್ದ ಹಾಗೆ ಎದ್ದಿತಂತೆ, ಅವನಿಗೂ ಅರ್ಧ ಗಂಟೆ ಕೆಮ್ಮು. ಮಕ್ಕಳು ಅಡಗಿ ಕೂತಿದ್ದು ಸರಿ ಅದೇ ಮೂಲೆ. ಅದನ್ನೆಲ್ಲ ಗೊಬ್ಬರಗುಂಡಿಗೆ ಹಾಕಿಸಿದ್ದಾನೆ. ಆಯಿ ಮೊದಲು ಒಪ್ಪಲಿಲ್ಲ. ಆಮೇಲೆ, "ಹುಲ್ಲು ಬೇರೆ, ದನ ಬೇರೆ. ದನದ ಮೇಲೆ ತಪ್ಪು ಹೊರಿಸಡಿ" ಅಂದಳು. ಅದೂ ಸರಿಯೇ.

ಮಾಣಿ ಇನ್ಹೇಲರ್ ದಿನಾ ತಗೊಳ್ತಿದ್ದಾನೆ. ಸ್ಪೇಸರಿಗೆ ಅವನೇ "ಶಂಖ" ಅಂತ ಹೆಸರಿಟ್ಟಿದ್ದಾನೆ. ರಾತ್ರಿ ಕೆಮ್ಮು ನಿಂತು ಹತ್ತು ದಿನ ಆಯಿತು. ಹೋದ ವಾರ ನೆಗಡಿ ಬಂದಾಗ ಡಾಕ್ಟರ ಹತ್ತಿರ ನಾನೇ "ಆ್ಯಂಟಿಬಯೋಟಿಕ್ ನಿಜವಾಗಿ ಬೇಕಾ ಸರ್?" ಅಂತ ಕೇಳಿದೆ. "ಬೇಡ, ಮೂರು ದಿನ ನೋಡಿ" ಅಂದರು. ಬೇಕಾಗಲಿಲ್ಲ. ಟಿಫಿನ್ನಿಗೆ ಮಜ್ಜಿಗೆ ಹಾಕ್ತಿದ್ದೇನೆ, ಅರ್ಧ ದಿನ ಅದು ಕುಡಿಯದೇ ವಾಪಸ್ ಬರ್ತದೆ.

ದೀಪಾವಳಿಗೆ ಊರಿಗೆ ಹೋಗ್ತೇವೆ. ಡಾಕ್ಟರು ಬೇಡ ಅನ್ನಲಿಲ್ಲ, ಶಂಖ ಜೊತೆಗಿರಲಿ, ಅಟ್ಟ ಹತ್ತೋದು ಬೇಡ ಅಂದರು. ಗೋಪೂಜೆಗೆ ಕರುವಿಗೆ ಹಾರ ಹಾಕೋದು ತಾನೇ ಅಂತ ಮಾಣಿ ಈಗಲೇ ಹೇಳಿಟ್ಟಿದ್ದಾನೆ.


ಹಳೇ ಸ್ಟೆತೊಸ್ಕೋಪು

ಹಾಕಲಿ. ಕೈ ತೊಳೆದು ಊಟಕ್ಕೆ ಕೂರಲಿ.


ಬೆಟ್ಟದ ಸೊಪ್ಪು

ತಂಗೀ, ನಿಮ್ಮ ಅಣ್ಣಂಗೆ ಹೆಂಚು ಕೈಯಾಡುವವರು ಯಾರು ಸಿಕ್ಕಿದರು? ಎರಡು ವರ್ಷದಿಂದ ಹುಡುಕ್ತಿದ್ದೆ. ನಮ್ಮ ಅಟ್ಟವೂ ಸೋರ್ತದೆ.